ದಂಡೆಯ ಟೇಬಲ್ಲೋ, ಪೇಟೆಯ ಹೋಟೆಲ್ಲೋ? ಸಣ್ಣ ಊರಿಗೆ ಬಂದವರಿಗೆ ಊಟದ ಜಾಗ ಹೇಳುವವರಿಗೊಂದು ಹೋಲಿಕೆ

"ಇಲ್ಲಿ ಊಟಕ್ಕೆ ಒಳ್ಳೆ ಜಾಗ ಯಾವುದು?" ಅಂತ ಯಾರಾದರೂ ಕೇಳಿದರೆ ನಾವು ಥಟ್ಟನೆ ಒಂದು ಹೆಸರು ಹೇಳಿಬಿಡುತ್ತೇವೆ. ದೊಡ್ಡ ನಗರದಲ್ಲಿ ಇದು ನಡೆಯುತ್ತದೆ. ಹೇಳಿದ ಹೋಟೆಲು ಮುಚ್ಚಿದ್ದರೆ ಪಕ್ಕದ್ದು ತೆರೆದಿರುತ್ತದೆ. ಸಣ್ಣ ಊರಿನಲ್ಲಿ ಹಾಗಲ್ಲ. ಮಧ್ಯಾಹ್ನದ ಊಟ ಮುಗಿದು ಒಲೆ ಆರಿಸಿದರು ಅಂದರೆ ಸಂಜೆವರೆಗೆ ಇಡೀ ಊರಿನಲ್ಲೇ ಊಟ ಇಲ್ಲ. ಸರೋವರದ ಪಕ್ಕದ ಊರಾದರೆ ಇನ್ನೂ ಕಷ್ಟ. ಸೀಸನ್ನಿನಲ್ಲಿ ಎಲ್ಲೂ ಜಾಗ ಸಿಗುವುದಿಲ್ಲ, ಸೀಸನ್ ಮುಗಿದರೆ ಅರ್ಧ ಅಂಗಡಿಗಳು ಶಟರ್ ಎಳೆದುಕೊಂಡಿರುತ್ತವೆ.

ಹಾಗಾಗಿ ಹೆಸರು ಹೇಳುವ ಮೊದಲು ನಾವೇ ಮೂರು ಮಾತು ಕೇಳಬೇಕು. ಎಷ್ಟು ಹೊತ್ತಿಗೆ ತಲುಪುತ್ತೀರಿ? ಜೊತೆಗೆ ಯಾರಿದ್ದಾರೆ? ಊಟ ಆದಮೇಲೆ ಎಲ್ಲಿಗೆ ಹೋಗಬೇಕು? ಇಷ್ಟು ಗೊತ್ತಾದರೆ ಅರ್ಧಕ್ಕರ್ಧ ಹೋಟೆಲುಗಳು ತಾವಾಗಿಯೇ ಪಟ್ಟಿಯಿಂದ ಬಿಟ್ಟುಹೋಗುತ್ತವೆ. ರುಚಿಯ ವಿಚಾರ ಬರುವುದು ಆಮೇಲೆ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಹೆಸರು ಹೇಳುವವರಿಗೆ. ಹೋಂಸ್ಟೇ ನಡೆಸುವವರು, ಲಾಡ್ಜಿನ ಕೌಂಟರಿನಲ್ಲಿ ಕೂರುವವರು, ಟ್ಯಾಕ್ಸಿಯವರು, ಅಥವಾ "ನೀನು ಹೋಗಿದ್ದೆ ಅಲ್ವಾ, ಎಲ್ಲಿ ತಿಂದೆ?" ಅಂತ ಗೆಳೆಯರ ಫೋನ್ ಬರುವವರು. ತಿನ್ನುವವರೂ ಓದಬಹುದು, ಏನೂ ತೊಂದರೆ ಇಲ್ಲ.

ಅಳತೆ ತಟ್ಟೆಯದ್ದಲ್ಲ, ದಾರಿಯದ್ದು

ಪ್ರಯಾಣಿಕರಿಗೆ ಹೋಟೆಲು ಹೇಳುವ ಕೆಲಸದಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರು ಮಾಡಿದ್ದು ಒಂದು ಟೈರ್ ಕಂಪನಿ. ಫ್ರಾನ್ಸ್‌ನ ಮಿಶೆಲಿನ್ 1900ರಲ್ಲಿ ಕಾರು ಓಡಿಸುವವರಿಗೆಂದು ಒಂದು ಕೈಪಿಡಿ ತಂದಿತು. ಟೈರ್ ಬದಲಿಸುವುದು ಹೇಗೆ, ರಿಪೇರಿ ಎಲ್ಲಿ ಆಗುತ್ತದೆ, ಪೆಟ್ರೋಲ್ ಎಲ್ಲಿ ಸಿಗುತ್ತದೆ ಅನ್ನುವುದೇ ಆಗ ಅದರಲ್ಲಿ ಜಾಸ್ತಿ. ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರು ಮಾಡಿದ್ದು 1926ರಲ್ಲಿ. ಇವತ್ತಿಗೂ ಆ ನಕ್ಷತ್ರಗಳಿಗೆ ಅವರು ಹೇಳುವ ಅರ್ಥ ನೋಡಿ. ಒಂದಾದರೆ ನಿಂತು ಹೋಗಬಹುದು. ಎರಡಾದರೆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗಬಹುದು. ಮೂರಾದರೆ ಅದಕ್ಕೆಂದೇ ಪ್ರಯಾಣ ಹೊರಡಬಹುದು.

ಆ ನಕ್ಷತ್ರದ ಹೋಟೆಲುಗಳಿಗೂ ನಮ್ಮ ಸಣ್ಣ ಊರಿನ ಊಟಕ್ಕೂ ಸಂಬಂಧ ಇಲ್ಲ, ನಿಜ. ಆದರೆ ಆ ಅಳತೆ ಮಾತ್ರ ಬಹಳ ಉಪಯೋಗದ್ದು. "ಚೆನ್ನಾಗಿದೆ" ಅನ್ನುವ ಮಾತಿನಿಂದ ದಾರಿಯಲ್ಲಿರುವವನಿಗೆ ಏನೂ ತಿಳಿಯುವುದಿಲ್ಲ. "ಆ ದಾರಿಯಲ್ಲೇ ಹೋಗುತ್ತಿದ್ದರೆ ನಿಲ್ಲಿಸಿ, ಅದಕ್ಕೆಂದೇ ತಿರುಗಿ ಬರಬೇಡಿ" ಅಂದರೆ ತಿಳಿಯುತ್ತದೆ. ಸಣ್ಣ ಊರಿನ ಬಹುಪಾಲು ಹೋಟೆಲುಗಳು ಈ ಮೊದಲ ಸಾಲಿನವು. ಅದರಲ್ಲಿ ಅವಮಾನ ಏನಿಲ್ಲ. ಎಲ್ಲವನ್ನೂ "ಅಲ್ಲಿ ತಿನ್ನದೆ ಬರಬೇಡಿ" ಅಂತ ಹೊಗಳಿದರೆ ನಮ್ಮ ಮಾತಿಗೇ ಬೆಲೆ ಇರುವುದಿಲ್ಲ.

ನೀರಿನ ದಂಡೆ ಮತ್ತು ಪೇಟೆಯ ಒಳಗು

ಸರೋವರದ ಊರಿನಲ್ಲಿ ಮೊದಲ ಗೊಂದಲವೇ ಇದು. ಪ್ರವಾಸಿಗರ ಮನಸ್ಸಿನಲ್ಲಿ ಊಟವೂ ನೋಟವೂ ಒಟ್ಟಿಗೇ ಇರುತ್ತವೆ. ನೀರಿನ ಪಕ್ಕ ಕೂತು, ಗಾಳಿ ತಗೊಂಡು, ಒಳ್ಳೆಯ ಊಟ ಮಾಡಬೇಕು. ಎರಡೂ ಒಂದೇ ಕಡೆ ಸಿಗುವುದು ಅಪರೂಪ. ಯಾಕೆ ಅಂತ ಯೋಚನೆ ಮಾಡಿದರೆ ಕಾರಣ ಸರಳ.

ದಂಡೆಯ ಮೇಲಿನ ಜಾಗಕ್ಕೆ ಬಾಡಿಗೆ ಜಾಸ್ತಿ. ವ್ಯಾಪಾರ ನಡೆಯುವುದು ವರ್ಷದ ಕೆಲವೇ ತಿಂಗಳು. ಅಷ್ಟರೊಳಗೆ ಇಡೀ ವರ್ಷದ ಬಾಡಿಗೆ ದುಡಿಯಬೇಕು. ಬರುವ ಗಿರಾಕಿ ಇವತ್ತು ಬಂದವನು ಮತ್ತೆ ಬರುವುದು ಮುಂದಿನ ವರ್ಷವೋ, ಇಲ್ಲವೇ ಇಲ್ಲವೋ. ಊಟ ಸಾಧಾರಣವಾಗಿದ್ದರೂ ನಾಳೆ ಹೊಸಬರು ಬಂದೇ ಬರುತ್ತಾರೆ, ಏಕೆಂದರೆ ನೀರು ಅಲ್ಲೇ ಇರುತ್ತದೆ. ಅಡುಗೆಯವರನ್ನೂ ಸಪ್ಲೈಯರ್‌ಗಳನ್ನೂ ಸೀಸನ್ನಿಗೆಂದು ಹೊಸದಾಗಿ ಕರೆಸಿರುತ್ತಾರೆ. ಸೀಸನ್ನಿನ ಮೊದಲ ವಾರಗಳಲ್ಲಿ ಅವರಿಗೆ ಆ ಅಡುಗೆಮನೆಯೇ ಹೊಸದು. ಕೊನೆಯ ವಾರಗಳಲ್ಲಿ ದಣಿದು ಹೋಗಿರುತ್ತಾರೆ. ಇನ್ನು ಮೆನು ಉದ್ದ, ಏಕೆಂದರೆ ಎಲ್ಲ ಕಡೆಯಿಂದ ಬಂದವರಿಗೂ ಏನಾದರೂ ಇರಬೇಕು. ಮೆನು ಉದ್ದ ಆದಷ್ಟೂ ಫ್ರೀಜರ್ ದೊಡ್ಡದಾಗುತ್ತದೆ.

ಪೇಟೆಯ ಒಳಗಿನ ಹೋಟೆಲಿನ ಲೆಕ್ಕ ಇದಕ್ಕೆ ತಿರುವು ಮುರುವು. ಅಲ್ಲಿ ತಿನ್ನುವವರು ಅಂಗಡಿಯವರು, ಬ್ಯಾಂಕಿನವರು, ಶಾಲೆಯ ಮೇಷ್ಟ್ರು, ಲಾರಿಯವರು. ಇವತ್ತು ಊಟ ಕೆಟ್ಟಿತ್ತು ಅಂದರೆ ನಾಳೆ ಗಲ್ಲಾದ ಮುಂದೆ ನಿಂತು ಬೈಯುತ್ತಾರೆ. ಅಡುಗೆ ನಾಲ್ಕೇ ಬಗೆ ಇರಬಹುದು, ಆದರೆ ಆ ನಾಲ್ಕು ದಿನಾ ಮಾಡಿ ಕೈಗೆ ಬಂದಿರುತ್ತವೆ. ಸಾಮಾನು ಉಳಿಯುವುದಿಲ್ಲ, ದಿನಾ ಖರ್ಚಾಗುತ್ತದೆ.

ಹಾಗಂತ ಪೇಟೆಯ ಹೋಟೆಲೇ ಯಾವಾಗಲೂ ಸರಿ ಅನ್ನುವುದೂ ಸುಳ್ಳು. ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ. ಶೌಚಾಲಯದ ವಿಷಯ ಕೇಳಲೇಬೇಡಿ. ಕೂತು ಹರಟುವ ಹಾಗಿಲ್ಲ, ಹಿಂದೆ ಒಬ್ಬರು ಕುರ್ಚಿಗೆ ಕಾಯುತ್ತಿರುತ್ತಾರೆ. ವಾರದ ರಜೆ ಯಾವ ದಿನ ಅಂತ ಊರಿನವರಿಗೆ ಮಾತ್ರ ಗೊತ್ತು. ಸಂಜೆ ಬೇಗ ಮುಚ್ಚುತ್ತಾರೆ. ಊರಿನ ಹಬ್ಬ, ಮದುವೆ ಸೀಸನ್ ಬಂದರೆ ಅಡುಗೆಯವರೇ ಬೇರೆ ಕಡೆ ಹೋಗಿರುತ್ತಾರೆ.

ನನ್ನ ಮಾತು ಕೇಳುವುದಾದರೆ ಎರಡನ್ನೂ ಬಿಡಿಸಿ ಹೇಳಿ. ಹೊಟ್ಟೆ ತುಂಬುವ ಊಟ ಪೇಟೆಯಲ್ಲಿ. ಸಂಜೆಯ ಒಂದು ಗಂಟೆ ದಂಡೆಯಲ್ಲಿ, ಕುಡಿಯುವುದಕ್ಕೋ ಸಣ್ಣ ತಿಂಡಿಗೋ. ಅಡುಗೆ ಕೆಡಲು ಅಲ್ಲಿ ಅವಕಾಶ ಕಡಿಮೆ, ನೋಟ ಪೂರ್ತಿ ಸಿಗುತ್ತದೆ, ಬಿಲ್ಲೂ ಹಗುರ. ಹೀಗೆ ಹೇಳಿದಾಗ ಬಂದವರಿಗೆ ಎರಡು ಖುಷಿ. ದಂಡೆಯಲ್ಲೇ ಊಟ ಅಂತ ಹಟ ಹಿಡಿದವರಿಗೆ ಮಾತ್ರ ಮೆನುವಿನಲ್ಲಿ ಏನು ಕೇಳಬೇಕು ಅಂತ ಹೇಳಿ ಕಳಿಸಬೇಕು.

ದಂಡೆಯ ಊಟವೇ ಸರಿಯಾದ ಆಯ್ಕೆ ಆಗುವ ಸಂದರ್ಭಗಳೂ ಇವೆ. ನಡೆಯಲು ಕಷ್ಟಪಡುವ ಹಿರಿಯರು ಜೊತೆಗಿದ್ದರೆ, ಅವರು ಸರೋವರ ನೋಡುವುದೇ ಆ ಕುರ್ಚಿಯಿಂದ. ಮದುವೆಯ ವಾರ್ಷಿಕೋತ್ಸವಕ್ಕೆ ಬಂದ ಗಂಡ ಹೆಂಡತಿಗೆ ಬಸ್ ಸ್ಟ್ಯಾಂಡ್ ಪಕ್ಕದ ಊಟ ಎಷ್ಟು ರುಚಿಯಾಗಿದ್ದರೂ ಅದು ತಪ್ಪು ಸಲಹೆ. ಇನ್ನು ಕೆಲವು ದಂಡೆಯ ಹೋಟೆಲುಗಳು ನಿಜಕ್ಕೂ ಚೆನ್ನಾಗಿರುತ್ತವೆ. ಅವನ್ನು ಗುರುತಿಸುವುದು ಹೇಗೆ? ಸೀಸನ್ ಇಲ್ಲದ ತಿಂಗಳಲ್ಲಿ, ವಾರದ ನಡುವೆ, ಮಧ್ಯಾಹ್ನ ಹೋಗಿ ನೋಡಿ. ಆಗಲೂ ಬಾಗಿಲು ತೆರೆದಿದ್ದು, ಊರಿನ ನಾಲ್ಕು ಜನ ಕೂತಿದ್ದರೆ ಅಲ್ಲಿ ನೀರಿನ ಹೊರತಾಗಿಯೂ ಏನೋ ಇದೆ ಅಂತ ಅರ್ಥ.

ಎಲ್ಲಿ ಕೂರಬೇಕು ಅನ್ನುವುದನ್ನೂ ಹೇಳಬಹುದು. ನೀರಿನ ಮೇಲೆ ಸೂರ್ಯ ಮುಳುಗುವುದು ಕಾಣಬೇಕಾದರೆ ಸರೋವರದ ಪೂರ್ವ ದಂಡೆಯಲ್ಲಿರಬೇಕು. ಪಶ್ಚಿಮ ದಂಡೆಯಲ್ಲಿ ಕೂತರೆ ಸೂರ್ಯ ಬೆನ್ನ ಹಿಂದೆ ಮುಳುಗುತ್ತಾನೆ, ಆದರೆ ಬೆಳಗಿನ ತಿಂಡಿಗೆ ಅದೇ ಸರಿ. "ಸನ್‌ಸೆಟ್ ವ್ಯೂ" ಅಂತ ಬೋರ್ಡ್ ಹಾಕಿಕೊಂಡ ಎಷ್ಟೋ ಕಡೆ ದಿಕ್ಕೇ ಬೇರೆ ಇರುತ್ತದೆ. ಪೂರ್ವ ದಂಡೆಯಲ್ಲೂ ಮುಳುಗುವ ಮೊದಲಿನ ಒಂದು ಗಂಟೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಮಕ್ಕಳು ರಗಳೆ ಮಾಡುತ್ತಾರೆ. ಗಾಳಿಯದ್ದೂ ಒಂದು ಲೆಕ್ಕ ಇದೆ. ದೊಡ್ಡ ಸರೋವರವಾದರೆ ಹಗಲು ನೀರಿನಿಂದ ನೆಲದ ಕಡೆ ತಂಪು ಗಾಳಿ ಬೀಸುತ್ತದೆ, ರಾತ್ರಿ ನೆಲದಿಂದ ನೀರಿನ ಕಡೆ. ಹಾಗಾಗಿ ಹಗಲು ಚೆನ್ನಾಗಿದ್ದ ಟೇಬಲ್ಲಿಗೆ ರಾತ್ರಿ ಹಿಂದಿನ ಅಡುಗೆಮನೆಯ ಹೊಗೆ ಬರಬಹುದು. ಮುಸ್ಸಂಜೆಯ ಸೊಳ್ಳೆ ಬಗ್ಗೆ ಯಾವ ಜಾಹೀರಾತಿನಲ್ಲೂ ಬರೆದಿರುವುದಿಲ್ಲ. ಅದನ್ನು ಹೇಳುವುದು ನಮ್ಮ ಕೆಲಸ.

ಮೀನು ಇದೇ ನೀರಿನದ್ದಾ?

ಸರೋವರದ ಊರಿಗೆ ಬಂದ ಮಾಂಸಾಹಾರಿಗಳಲ್ಲಿ ಹೆಚ್ಚಿನವರು ಮೀನು ಕೇಳುತ್ತಾರೆ. ಕಣ್ಣೆದುರಿಗೆ ಅಷ್ಟು ನೀರಿದೆ, ಮೀನು ಅಲ್ಲಿಂದಲೇ ಬರುತ್ತದೆ ಅಂತ ನಂಬಿಕೆ. ಹಾಗೇ ಇರಬೇಕು ಅಂತೇನಿಲ್ಲ.

ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ಹಂಚಿಕೊಂಡಿರುವ ಕಾನ್‌ಸ್ಟನ್ಸ್ ಸರೋವರದ ಕಥೆ ಕೇಳಿ. ಅಲ್ಲಿನ ಹೆಸರುವಾಸಿ ಬಿಳಿಮೀನಿನ ಸಂಖ್ಯೆ ಕುಸಿದು ಹೋಗಿ, 2024ರ ಜನವರಿಯಿಂದ ಮೂರು ವರ್ಷ ಅದನ್ನು ಹಿಡಿಯುವುದನ್ನೇ ನಿಲ್ಲಿಸಲಾಯಿತು. ರಷ್ಯಾದ ಬೈಕಲ್ ಸರೋವರದಲ್ಲಿ ವ್ಯಾಪಾರಕ್ಕಾಗಿ ಓಮುಲ್ ಮೀನು ಹಿಡಿಯುವುದನ್ನು 2017ರ ಅಕ್ಟೋಬರ್‌ನಲ್ಲಿ ನಿಷೇಧಿಸಿದರು. ಎರಡೂ ಕಡೆ ಆ ಮೀನೇ ಪ್ರವಾಸಿಗರ ದೊಡ್ಡ ಆಸೆ. ನೀರಿನಲ್ಲಿ ಹಿಡಿಯುವ ಹಾಗಿಲ್ಲದಿದ್ದರೂ ಟೇಬಲ್ಲಿಗೆ ಮೀನು ಬರುತ್ತಿದೆ ಅಂದರೆ ಅದು ಬೇರೆ ಸರೋವರದ್ದೋ, ಸಾಕಿದ್ದೋ, ಕದ್ದು ಹಿಡಿದದ್ದೋ ಆಗಿರಬೇಕು. ಇಂಥ ಪೂರ್ತಿ ನಿಷೇಧ ಇಲ್ಲದ ಕಡೆಯೂ ಮೀನು ಮೊಟ್ಟೆ ಇಡುವ ತಿಂಗಳುಗಳಲ್ಲಿ ಹಿಡಿಯುವುದನ್ನು ತಡೆಯುವ ನಿಯಮ ಸಾಮಾನ್ಯ. ಹನ್ನೆರಡು ತಿಂಗಳೂ ಅದೇ ಮೀನು, ಅದೇ ಗಾತ್ರ, ಅದೇ ಮೆನು ಅಂದರೆ ಅದು ಈ ನೀರಿನದ್ದಲ್ಲ ಅಂತ ಅನುಮಾನ ಪಡಬಹುದು.

ಬೇರೆ ಕಡೆಯದ್ದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಸರಿಯಾಗಿ ಫ್ರೀಜ್ ಮಾಡಿದ ಮೀನು, ಬಿಸಿಲಲ್ಲಿ ಅರ್ಧ ದಿನ ಬುಟ್ಟಿಯಲ್ಲಿ ಕೂತ "ತಾಜಾ" ಮೀನಿಗಿಂತ ಎಷ್ಟೋ ಮೇಲು. ಸುಳ್ಳು ಹೇಳಿ ಮಾರುವುದಷ್ಟೇ ತಪ್ಪು. ಪ್ರವಾಸಿಗರಿಗೆ ಒಂದು ಪ್ರಶ್ನೆ ಕಲಿಸಿ ಕಳಿಸಿ. "ಮೀನು ತಾಜಾ ಇದೆಯಾ?" ಅಂದರೆ ಜಗತ್ತಿನ ಎಲ್ಲ ಸಪ್ಲೈಯರ್‌ಗಳ ಉತ್ತರವೂ ಒಂದೇ. "ಇವತ್ತು ಯಾವುದು ಬಂದಿದೆ?" ಅಂತ ಕೇಳಿದರೆ ಉತ್ತರದಲ್ಲಿ ಏನಾದರೂ ಇರುತ್ತದೆ. ಒಳಗೆ ಹೋಗಿ ಕೇಳಿಕೊಂಡು ಬಂದರೆ ಒಳ್ಳೆಯ ಲಕ್ಷಣ. "ಇವತ್ತು ಬಂದಿಲ್ಲ" ಅಂದರೆ ಇನ್ನೂ ಒಳ್ಳೆಯ ಲಕ್ಷಣ, ಅಂಥ ಕಡೆ ಬೇರೆ ಏನನ್ನಾದರೂ ಧೈರ್ಯವಾಗಿ ತಿನ್ನಬಹುದು.

ಸಿಹಿನೀರಿನ ಮೀನನ್ನು ಹಸಿಯಾಗಿ, ಅರೆಬೆಂದ ಹಾಗೆ ಕೊಡುವ ಕಡೆಗೆ ನಾನು ಯಾರನ್ನೂ ಕಳಿಸುವುದಿಲ್ಲ. ಅದರಲ್ಲಿ ಲಾಡಿಹುಳ, ಪಿತ್ತಜನಕಾಂಗಕ್ಕೆ ಸೇರುವ ಹುಳಗಳ ಮರಿ ಇರಬಹುದು. ನಿಂಬೆರಸ, ವಿನೆಗರ್ ಹಾಕಿದರೆ ಅವು ಸಾಯುತ್ತವೆ ಅನ್ನುವುದು ತಪ್ಪು ತಿಳಿವಳಿಕೆ. ಚೆನ್ನಾಗಿ ಬೇಯಿಸಬೇಕು, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟಿರಬೇಕು. ಅಷ್ಟು ಶಿಸ್ತು ಸಣ್ಣ ಅಡುಗೆಮನೆಯಲ್ಲಿದೆ ಅಂತ ಖಾತ್ರಿ ಯಾರು ಕೊಡುತ್ತಾರೆ? ಗರ್ಭಿಣಿಯರೂ ಚಿಕ್ಕ ಮಕ್ಕಳೂ ಇದ್ದರೆ ಇನ್ನೊಂದು ಮಾತು ಸೇರಿಸಿ. ಬೇರೆ ಮೀನುಗಳನ್ನು ತಿಂದು ಬೆಳೆಯುವ ದೊಡ್ಡ, ವಯಸ್ಸಾದ ಮೀನಿನಲ್ಲಿ ಪಾದರಸ ಜಾಸ್ತಿ ಸೇರಿಕೊಂಡಿರುತ್ತದೆ. ಸಣ್ಣ ಮೀನೇ ಅವರಿಗೆ ವಾಸಿ.

ಮೀನಿನ ಜೊತೆಗೆ ನೀರಿನ ಮಾತನ್ನೂ ಮುಗಿಸಿಬಿಡೋಣ. ಬೇಸಿಗೆಯಲ್ಲಿ ಕೆಲವು ಸರೋವರಗಳ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟುತ್ತದೆ. ಅದರಲ್ಲಿ ಕೆಲವು ಬಗೆ ವಿಷ ಬಿಡುತ್ತವೆ, ಮತ್ತು ಕುದಿಸಿದರೆ ಆ ವಿಷ ಹೋಗುವುದಿಲ್ಲ. ಅಮೆರಿಕದ ಈರಿ ಸರೋವರದ ನೀರು ಕುಡಿಯುವ ಟೊಲೆಡೊ ನಗರದಲ್ಲಿ 2014ರ ಆಗಸ್ಟ್‌ನಲ್ಲಿ ಇದೇ ಕಾರಣಕ್ಕೆ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಅಂತ ಹೇಳಬೇಕಾಯಿತು. ದೊಡ್ಡ ಶುದ್ಧೀಕರಣ ಘಟಕ ಇದ್ದ ಊರಿನ ಪಾಡೇ ಹೀಗಾಯಿತು. ದಂಡೆಯ ಹೋಟೆಲು ಸರೋವರದಿಂದಲೇ ಪಂಪ್ ಹಾಕಿ ನೀರು ಎತ್ತುತ್ತಿದ್ದರೆ, ನೀರು ಹಸಿರಾಗಿರುವ ವಾರಗಳಲ್ಲಿ ಅದರ ಹೆಸರು ಹೇಳದಿರುವುದೇ ಒಳ್ಳೆಯದು. ಆ ದಿನಗಳಲ್ಲಿ ವಾಸನೆಗೆ ಅಲ್ಲಿ ಕೂರುವುದೂ ಕಷ್ಟ ಬಿಡಿ.

ಉಳಿದ ಆಯ್ಕೆಗಳು

ಲಾಡ್ಜು, ರೆಸಾರ್ಟಿನ ಊಟದ ಕೋಣೆ ಬೇಸರದ ಆಯ್ಕೆ ಅಂತ ನಾವು ಮೂಗು ಮುರಿಯುತ್ತೇವೆ. ಆದರೆ ರಾತ್ರಿ ಹತ್ತಕ್ಕೆ ತಲುಪುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಮೊದಲೇ ಫೋನ್ ಮಾಡಿ "ಊಟ ತೆಗೆದಿಡಿ" ಅಂತ ಹೇಳಲು ತಿಳಿಸಿ. ಬಫೆ ಬಗ್ಗೆ ಮಾತ್ರ ಹುಷಾರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸರಳ. 5ರಿಂದ 60 ಡಿಗ್ರಿ ನಡುವಿನ ಬಿಸಿ ರೋಗಾಣುಗಳು ಬೇಗ ಬೆಳೆಯುವ ಬಿಸಿ, ಬೇಯಿಸಿದ ಅಡುಗೆಯನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು. ರೆಸಾರ್ಟ್ ತುಂಬಿರುವಾಗ ಬಫೆ ಪಾತ್ರೆ ಮತ್ತೆ ಮತ್ತೆ ಖಾಲಿಯಾಗಿ ಬಿಸಿ ಅಡುಗೆ ಬರುತ್ತಿರುತ್ತದೆ. ಮೂರೇ ಕುಟುಂಬ ಇರುವ ದಿನ ಅದೇ ಪಾತ್ರೆ ಮಧ್ಯಾಹ್ನ ಪೂರ್ತಿ ಉಗುರುಬೆಚ್ಚಗೆ ಕೂತಿರುತ್ತದೆ. ಜನ ಕಡಿಮೆ ಇರುವ ದಿನ ಬಫೆ ಬಿಟ್ಟು ಮೆನು ನೋಡಿ ಬಿಸಿಯಾಗಿ ಮಾಡಿಸಿಕೊಳ್ಳಿ ಅನ್ನಿ.

ಅದೇ ನಿಯಮ ತಳ್ಳುಗಾಡಿಗೆ ಹಾಕಿ ನೋಡಿ. ಕಣ್ಣೆದುರು ಬಿಸಿಬಿಸಿ ಮಾಡಿ ಕೈಗೆ ಕೊಡುವ, ಸಾಲು ನಿಂತಿರುವ ಗಾಡಿ, ಜನವಿಲ್ಲದ ಎ.ಸಿ. ಹೋಟೆಲಿಗಿಂತ ಎಷ್ಟೋ ಸಲ ಹೆಚ್ಚು ಸುರಕ್ಷಿತ. ತೊಂದರೆ ಇರುವುದು ಅಡುಗೆಯಲ್ಲಿ ಅಲ್ಲ. ಹೆಚ್ಚಿಟ್ಟ ಹಸಿ ತರಕಾರಿ, ತಟ್ಟೆ ತೊಳೆಯುವ ಬಕೆಟ್ಟು, ಐಸು, ಇವುಗಳಲ್ಲಿ. ಹೊರಗಿನಿಂದ ಬಂದ ಹೊಟ್ಟೆಗೆ ಇಷ್ಟು ಎಚ್ಚರಿಕೆ ಬೇಕು.

ಮನೆಯೂಟ, ಹೋಂಸ್ಟೇ ಊಟ: ಹಿಂದಿನ ದಿನ ಹೇಳುವಷ್ಟು ವ್ಯವಧಾನ ಇದ್ದವರಿಗೆ ಇದಕ್ಕಿಂತ ಮೇಲು ಇಲ್ಲ. ಹೇಳದೆ ಹೋದರೆ ಏನೂ ಇಲ್ಲ. ಇಬ್ಬರೇ ಇದ್ದರೆ ಕೆಲವರು ಮಾಡುವುದಿಲ್ಲ. ಆಯ್ಕೆ ಇರುವುದಿಲ್ಲ, ಆ ಮನೆಯವರು ಏನು ಉಣ್ಣುತ್ತಾರೋ ಅದೇ. ಹಟಮಾರಿ ಮಕ್ಕಳಿರುವ ಮನೆಯವರಿಗೆ ಇದನ್ನು ಮೊದಲೇ ಹೇಳಿ.

ಹೆದ್ದಾರಿ ಬದಿಯ ದೊಡ್ಡ ಹೋಟೆಲು, ಎಲ್ಲ ಊರಲ್ಲೂ ಶಾಖೆ ಇರುವ ಹೋಟೆಲು, ಇವಕ್ಕೆ ಹೆಚ್ಚು ವಿವರಣೆ ಬೇಡ. ಶೌಚಾಲಯ, ಪಾರ್ಕಿಂಗ್, ಗೊತ್ತಿರುವ ರುಚಿ. ದಾರಿಯಲ್ಲಿ ಮಗುವಿಗೆ ಹುಷಾರಿಲ್ಲದಿದ್ದರೆ ನಾನೇ ಅಲ್ಲಿಗೆ ಕಳಿಸುತ್ತೇನೆ.

ಯಾರ ಮಾತು ನಂಬುವುದು

ನಮಗೇ ಗೊತ್ತಿಲ್ಲದ ಊರಿನ ಬಗ್ಗೆ ಯಾರಾದರೂ ಕೇಳಿದರೆ ನಾವೂ ಫೋನ್ ತೆಗೆದು ಮ್ಯಾಪಿನ ನಕ್ಷತ್ರ ನೋಡುತ್ತೇವೆ. ನೋಡಿ, ಆದರೆ ಬರೀ ಸರಾಸರಿ ನೋಡಬೇಡಿ. ನಗರದ ಹೋಟೆಲಿಗೆ ಸಾವಿರಾರು ಅಭಿಪ್ರಾಯ ಇರುತ್ತವೆ. ಸಣ್ಣ ಊರಿನದಕ್ಕೆ ಮೂವತ್ತು ನಲವತ್ತು ಇದ್ದರೆ ಹೆಚ್ಚು. ಮಾಲೀಕರ ನೆಂಟರಿಷ್ಟರೇ ಹತ್ತು ಜನ ಬರೆದರೆ ಸರಾಸರಿ ಎಲ್ಲಿಗೋ ಹೋಗುತ್ತದೆ.

ಹೀಗೆ ಮಾಡಲು ದುಡ್ಡಿನ ಕಾರಣವೂ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕಲ್ ಲೂಕಾ 2011ರಲ್ಲಿ ಸಿಯಾಟಲ್ ನಗರದ ಹೋಟೆಲುಗಳ ಲೆಕ್ಕ ತೆಗೆದು ನೋಡಿದರು. ಗಿರಾಕಿಗಳು ಹೋಟೆಲುಗಳಿಗೆ ನಕ್ಷತ್ರ ಕೊಡುವ ಜಾಲತಾಣ ಯೆಲ್ಪ್‌ನಲ್ಲಿ ಒಂದು ನಕ್ಷತ್ರ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತಿತ್ತು. ಅದೂ ಸ್ವತಂತ್ರವಾಗಿ ನಡೆಯುವ ಹೋಟೆಲುಗಳಿಗೆ. ಶಾಖೆಗಳಿರುವ ಹೋಟೆಲುಗಳಿಗೆ ಅದರಿಂದ ವ್ಯತ್ಯಾಸ ಆಗುತ್ತಿರಲಿಲ್ಲ, ಅವುಗಳ ಹೆಸರು ಜನರಿಗೆ ಮೊದಲೇ ಗೊತ್ತಲ್ಲ. ಸಣ್ಣ ಊರಿನ ಹೋಟೆಲುಗಳಲ್ಲಿ ಹೆಚ್ಚಿನವು ಮೊದಲ ಗುಂಪಿನವೇ. ಸುಳ್ಳು ಅಭಿಪ್ರಾಯ ಎಷ್ಟು ದೂರ ಕೊಂಡೊಯ್ಯಬಹುದು ಅನ್ನುವುದಕ್ಕೆ 2017ರ ಲಂಡನ್ ನೆನೆದರೆ ಸಾಕು. ಊಬಾ ಬಟ್ಲರ್ ಅನ್ನುವ ಬರಹಗಾರ ತನ್ನ ಹಿತ್ತಲಿನ ಶೆಡ್ಡನ್ನು ಹೋಟೆಲು ಅಂತ ಅಂಥದ್ದೇ ಇನ್ನೊಂದು ಜಾಲತಾಣ ಟ್ರಿಪ್‌ಅಡ್ವೈಸರ್‌ನಲ್ಲಿ ಸೇರಿಸಿ, ಗೆಳೆಯರಿಂದ ಹೊಗಳಿಕೆ ಬರೆಸಿದ. ಒಂದು ತಟ್ಟೆ ಊಟವನ್ನೂ ಬಡಿಸದ ಆ ಹೋಟೆಲು ನಗರದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು.

ನಾನು ಓದುವುದು ಮೂರು ನಕ್ಷತ್ರ ಕೊಟ್ಟವರನ್ನು. ಐದು ಕೊಟ್ಟವರು ಖುಷಿಯಲ್ಲಿ ಬರೆದಿರುತ್ತಾರೆ, ಒಂದು ಕೊಟ್ಟವರು ಸಿಟ್ಟಿನಲ್ಲಿ. ಮೂರು ಕೊಟ್ಟವರು ಏನು ಚೆನ್ನಾಗಿತ್ತು, ಏನು ಇರಲಿಲ್ಲ ಅಂತ ಹೇಳಿರುತ್ತಾರೆ. ಇನ್ನೊಂದು, ದಂಡೆಯ ಹೋಟೆಲಿನ ಅಭಿಪ್ರಾಯ ಓದುವಾಗ ಫೋಟೋಗಳನ್ನು ಗಮನಿಸಿ. ಎಲ್ಲವೂ ನೀರಿನ ಫೋಟೋ, ತಟ್ಟೆಯದ್ದು ಒಂದೂ ಇಲ್ಲ ಅಂದರೆ ಆ ನಕ್ಷತ್ರಗಳು ಸರೋವರಕ್ಕೆ ಸಿಕ್ಕಿದವು. ಕಳೆದ ಆರು ತಿಂಗಳಿನದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಣ್ಣ ಹೋಟೆಲಿನಲ್ಲಿ ಒಬ್ಬ ಅಡುಗೆಯವರು ಬಿಟ್ಟು ಹೋದರೆ ಹೋಟೆಲೇ ಬದಲಾದಂತೆ.

ಊರಿನವರನ್ನು ಕೇಳುವುದು ಒಳ್ಳೆಯದು, ಆದರೆ ಅದರಲ್ಲೂ ಒಂದು ತಿರುವಿದೆ. ದೂರದಿಂದ ಬಂದವರು ಅಂತ ತಿಳಿದ ಕೂಡಲೇ ಊರಿನವರು ತಾವು ತಿನ್ನುವ ಜಾಗ ಹೇಳುವುದಿಲ್ಲ. ಹೊಸದಾಗಿ ಶುರುವಾದ, ಗಾಜಿನ ಬಾಗಿಲಿನ, ಬಿಲ್ಲು ಜಾಸ್ತಿ ಬರುವ ಜಾಗ ಹೇಳುತ್ತಾರೆ. ಊರಿನ ಮರ್ಯಾದೆಯ ಪ್ರಶ್ನೆ ನೋಡಿ. ಪ್ರೀತಿಯಿಂದಲೇ ತಪ್ಪು ದಾರಿ ತೋರಿಸುತ್ತಾರೆ. ಅದಕ್ಕೇ "ಒಳ್ಳೆ ಹೋಟೆಲು ಯಾವುದು?" ಅಂತ ಕೇಳಬಾರದು. "ನೀವು ಹೋದ ಸಲ ಹೊರಗೆ ತಿಂದದ್ದು ಎಲ್ಲಿ?" ಅಂತ ಕೇಳಬೇಕು.

ಟ್ಯಾಕ್ಸಿಯವರು, ಲಾಡ್ಜಿನವರು ಹೇಳುವ ಹೆಸರಿನ ಹಿಂದೆ ಕಮಿಷನ್ ಇರಬಹುದು. ಎಲ್ಲರದ್ದೂ ಅಲ್ಲ. ಇದ್ದರೂ ಅವರ ಮಾತು ಪೂರ್ತಿ ಕಸ ಅಲ್ಲ. ಯಾವ ಹೋಟೆಲಿನಲ್ಲಿ ಶೌಚಾಲಯ ಚೊಕ್ಕಟ, ಎಲ್ಲಿ ಬೇಗ ಬಡಿಸುತ್ತಾರೆ, ಎಲ್ಲಿ ಮಧ್ಯಾಹ್ನ ಮೂರೂವರೆಗೂ ಊಟ ಉಳಿದಿರುತ್ತದೆ ಅನ್ನುವುದು ಡ್ರೈವರ್‌ಗಳಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ರುಚಿಗೆ ಬೇರೆಯವರನ್ನು ಕೇಳಿ, ಅನುಕೂಲಕ್ಕೆ ಅವರನ್ನು ಕೇಳಿ.

ನೀವೇ ಕಮಿಷನ್ ತೆಗೆದುಕೊಳ್ಳುವವರಾಗಿದ್ದರೆ? ಬಂದವರಿಗೆ ಅದನ್ನು ಹೇಳಿಬಿಡಿ, ಜೊತೆಗೆ ಕಮಿಷನ್ ಇಲ್ಲದ ಇನ್ನೊಂದು ಹೆಸರನ್ನೂ ಹೇಳಿ. ನಂಬಿಕೆ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹೇಳುವ ರೀತಿ

ಹತ್ತು ಹೆಸರು ಕೊಡಬೇಡಿ. ಹತ್ತು ಹೆಸರಿನ ಪಟ್ಟಿ ಫೋನಿನಲ್ಲೇ ಸಿಗುತ್ತದೆ, ಅದಕ್ಕೆ ನೀವು ಯಾಕೆ ಬೇಕು? ಒಂದು ಹೆಸರು, ಅದು ಮುಚ್ಚಿದ್ದರೆ ಇನ್ನೊಂದು. ಆ ಎರಡನೆಯದ್ದು ಮೊದಲನೆಯದಕ್ಕೆ ಹತ್ತಿರ ಇರಬೇಕು, ಮತ್ತು ಬೇರೆ ದಿನ ರಜೆ ಮಾಡುವಂಥದ್ದಾಗಿರಬೇಕು. ಜೊತೆಗೆ ಅಲ್ಲಿ ಏನು ಚೆನ್ನಾಗಿರುತ್ತದೆ, ಎಷ್ಟು ಗಂಟೆವರೆಗೆ ಸಿಗುತ್ತದೆ, ಕಾರ್ಡ್ ನಡೆಯುತ್ತದಾ ನಗದೇ ಬೇಕಾ ಅಂತ ಹೇಳಿ. ಸರೋವರದ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಫೋನಿನಲ್ಲಿ ದುಡ್ಡು ಹೋಗುವುದಿಲ್ಲ, ಅದಕ್ಕೂ ಸೇರಿ ಈ ಮಾತು.

ಕೊರತೆಯನ್ನೂ ಹೇಳಿ. "ಊಟ ಚೆನ್ನಾಗಿರುತ್ತೆ, ಆದರೆ ಬಡಿಸುವುದು ನಿಧಾನ, ಸೆಕೆ ಜಾಸ್ತಿ" ಅಂದರೆ ಹೋದವರು ಅದಕ್ಕೆ ತಯಾರಾಗಿಯೇ ಹೋಗುತ್ತಾರೆ, ಊಟವೂ ಹಿಡಿಸುತ್ತದೆ. ನೀವು ಕೊನೆಯ ಸಲ ಅಲ್ಲಿ ತಿಂದದ್ದು ಯಾವಾಗ ಅನ್ನುವುದನ್ನು ಮಾತ್ರ ಬಿಡಬೇಡಿ. "ಎರಡು ವರ್ಷದ ಹಿಂದೆ ಚೆನ್ನಾಗಿತ್ತು" ಅನ್ನುವುದು "ಚೆನ್ನಾಗಿದೆ" ಅನ್ನುವುದಕ್ಕಿಂತ ಬೇರೆಯೇ ಮಾತು.

ಕಡಲೆಬೀಜ, ಹಾಲು, ಗೋಧಿ ಇಂಥದ್ದು ಆಗದವರು ಬಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅವರಿಗೆ ದೊಡ್ಡ ಮೆನುವಿನ ಜಾಗಕ್ಕಿಂತ, ಅಡುಗೆಯವರ ಜೊತೆ ನೇರವಾಗಿ ಮಾತಾಡಬಹುದಾದ ಸಣ್ಣ ಜಾಗ ಒಳ್ಳೆಯದು. ಮನೆಯೂಟವಾದರೆ ಇನ್ನೂ ಒಳ್ಳೆಯದು. ಸಪ್ಲೈಯರ್ ಕೊಡುವ ಭರವಸೆಯನ್ನು ನಂಬಿ ಕೂರುವ ವಿಷಯ ಇದಲ್ಲ.

ಮಧ್ಯಾಹ್ನ ಮೂರೂವರೆಗೆ ಬಂದು ಇಳಿಯುವ ಕುಟುಂಬಕ್ಕೆ ರುಚಿಯ ಚರ್ಚೆ ಬೇಡವೇ ಬೇಡ. ಆ ಹೊತ್ತಿನಲ್ಲಿ ಒಲೆ ಉರಿಯುತ್ತಿರುವ ಜಾಗ ಯಾವುದೋ ಅದೇ ಊರಿನ ಅತ್ಯುತ್ತಮ ಹೋಟೆಲು. ಹೆಚ್ಚಾಗಿ ಅದು ಬಸ್ ಸ್ಟ್ಯಾಂಡಿನ ಸುತ್ತ, ಇಲ್ಲವೇ ಹೆದ್ದಾರಿಯ ಮೇಲೆ ಇರುತ್ತದೆ. ಒಬ್ಬರೇ ಬಂದ ಹೆಣ್ಣುಮಕ್ಕಳು ರಾತ್ರಿ ಊಟಕ್ಕೆ ಕೇಳಿದರೆ ಹೋಟೆಲಿನ ಜೊತೆಗೆ ವಾಪಸ್ ಬರುವ ದಾರಿಯನ್ನೂ ಯೋಚಿಸಿ. ದಂಡೆಯ ರಸ್ತೆಗಳಲ್ಲಿ ಅಂಗಡಿ ಮುಚ್ಚಿದ ಮೇಲೆ ದೀಪವೂ ಇರುವುದಿಲ್ಲ, ಗಾಡಿಯೂ ಸಿಗುವುದಿಲ್ಲ. ಉಳಿದುಕೊಂಡ ಜಾಗದಿಂದ ನಡೆದು ಹೋಗುವಷ್ಟು ಹತ್ತಿರ ಇರುವುದನ್ನೇ ಹೇಳಿ, ಊಟ ಒಂದು ಗುಲಗಂಜಿ ಕಡಿಮೆಯಾದರೂ ಪರವಾಗಿಲ್ಲ.

ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಬರುವುದಾದರೆ ಸಣ್ಣ ಒಳ್ಳೆಯ ಹೋಟೆಲಿನ ಹೆಸರು ಹೇಳಿ ಆ ಹೋಟೆಲಿಗೂ ಅವರಿಗೂ ತೊಂದರೆ ಕೊಡಬೇಡಿ. ಹೇಳದೆ ಕೇಳದೆ ಮೂವತ್ತು ಜನ ನುಗ್ಗಿದರೆ ಊರಿನ ದಿನದ ಗಿರಾಕಿಗಳ ಊಟವೂ ಹೋಗುತ್ತದೆ. ಹಿಂದಿನ ದಿನವೇ ನೀವೇ ಒಂದು ಫೋನ್ ಮಾಡಿಕೊಡಿ. ಎಷ್ಟು ಜನ, ಎಷ್ಟು ಹೊತ್ತಿಗೆ, ಎಲ್ಲರಿಗೂ ಒಂದೇ ಬಗೆಯ ಊಟ ಅಂತ ಗೊತ್ತು ಮಾಡಿಕೊಂಡರೆ ಸಣ್ಣ ಅಡುಗೆಮನೆಯೂ ಸುಧಾರಿಸುತ್ತದೆ. ಬೇರೆ ಬೇರೆ ಬಿಲ್ಲು ಕೇಳಬೇಡಿ ಅಂತ ಅವರಿಗೆ ಹೇಳಿರಿ. ಬಸ್ಸು ತಿರುಗಿಸಲು ಜಾಗ ಇದೆಯಾ ಅನ್ನುವುದನ್ನೂ ಆ ಫೋನಿನಲ್ಲೇ ಕೇಳಿಬಿಡಿ. ದಂಡೆಯ ರಸ್ತೆಯೊಳಗೆ ಹೋದ ದೊಡ್ಡ ಬಸ್ಸು ಎಷ್ಟೋ ಕಡೆ ರಿವರ್ಸ್‌ನಲ್ಲೇ ಹೊರಗೆ ಬರಬೇಕಾಗುತ್ತದೆ.